ಕುರ್ಚಿ ಖಾಲಿಯಾದರೆ ಯಾರು ಕೂರುತ್ತಾರೆ: ಅಮೆರಿಕದ ಹಗರಣಗಳ ಲೆಕ್ಕಾಚಾರ

ನ್ಯೂಜೆರ್ಸಿ ರಾಜ್ಯದಿಂದ ಅಮೆರಿಕ ಸಂಸತ್ತಿನ ಮೇಲ್ಮನೆಗೆ, ಅಂದರೆ ಸೆನೆಟ್‌ಗೆ, ಆಯ್ಕೆಯಾಗಿದ್ದ ಬಾಬ್ ಮೆನೆಂಡೆಜ್ ಮೇಲೆ ಭ್ರಷ್ಟಾಚಾರದ ಕೇಸು ಬಿದ್ದದ್ದು ಎರಡು ಸಲ. ಒಮ್ಮೆ 2015ರಲ್ಲಿ, ಇನ್ನೊಮ್ಮೆ 2023ರಲ್ಲಿ. ಮೊದಲ ಸಲ ಅವರ ಡೆಮಾಕ್ರಟಿಕ್ ಪಕ್ಷ ಅವರ ಬೆನ್ನಿಗೆ ನಿಂತಿತು. ಎರಡನೇ ಸಲ ಕೆಲವೇ ದಿನಗಳಲ್ಲಿ ಅದೇ ಪಕ್ಷದ ಅರ್ಧಕ್ಕಿಂತ ಜಾಸ್ತಿ ಸೆನೆಟರ್‌ಗಳು ರಾಜೀನಾಮೆ ಕೇಳಿದರು. ಹೀಗೆ ಯಾಕಾಯಿತು ಎಂದು ಹಿಡಿದು ನೋಡಿದರೆ ಅಮೆರಿಕದ ಹಗರಣಗಳ ರಾಜಕೀಯ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲ ಕೇಸು ಫ್ಲಾರಿಡಾದ ಒಬ್ಬ ಕಣ್ಣಿನ ಡಾಕ್ಟರಿಗೆ ಸಂಬಂಧಿಸಿದ್ದು. ಆ ಶ್ರೀಮಂತ ಡಾಕ್ಟರ ಖಾಸಗಿ ವಿಮಾನದಲ್ಲಿ ಓಡಾಡಿ, ಅವರ ರೆಸಾರ್ಟ್‌ನಲ್ಲಿ ಉಳಿದು, ಚುನಾವಣೆಗೆ ಅವರಿಂದ ದೇಣಿಗೆ ಪಡೆದು, ಬದಲಿಗೆ ಸರ್ಕಾರದಲ್ಲಿ ಅವರ ಕೆಲಸ ಮಾಡಿಸಿಕೊಡಲು ನೋಡಿದರು ಅನ್ನುವುದು ಆರೋಪ. 2017ರಲ್ಲಿ ನ್ಯೂವಾರ್ಕ್ ನಗರದ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಜೂರಿಗಳಲ್ಲಿ ಒಮ್ಮತ ಮೂಡಲಿಲ್ಲ, ಕೇಸು ಬಿದ್ದುಹೋಯಿತು. ಅದೇ ರಾಜ್ಯದ ಇನ್ನೊಬ್ಬ ಡೆಮಾಕ್ರಟಿಕ್ ಸೆನೆಟರ್ ಕೋರಿ ಬುಕರ್ ಕೋರ್ಟಿಗೆ ಬಂದು ಮೆನೆಂಡೆಜ್ ಒಳ್ಳೆಯ ಮನುಷ್ಯ ಎಂದು ಸಾಕ್ಷಿ ಹೇಳಿದ್ದರು.

ಎರಡನೇ ಕೇಸಿನಲ್ಲಿ ಎಫ್‌ಬಿಐ ಅವರ ಮನೆಗೆ ಹೋದಾಗ 4,80,000 ಡಾಲರಿಗೂ ಹೆಚ್ಚು ನಗದು ಸಿಕ್ಕಿತು. ಲಕೋಟೆಗಳಲ್ಲಿ ತುಂಬಿ ಕಪಾಟು, ಲಾಕರ್‌ಗಳಲ್ಲಿ ಇಟ್ಟಿದ್ದರು. ಕೆಲವು ಲಕೋಟೆಗಳು ಅವರದೇ ಹೆಸರು ಹೊಲಿದಿದ್ದ ಜಾಕೆಟ್‌ನ ಜೇಬಿನಲ್ಲಿದ್ದವು. ಚಿನ್ನದ ಗಟ್ಟಿಗಳೂ ಇದ್ದವು. ಒಂದು ಕಿಲೋ ಚಿನ್ನಕ್ಕೆ ಎಷ್ಟು ಬೆಲೆ ಎಂದು ಅವರು ಇಂಟರ್ನೆಟ್‌ನಲ್ಲಿ ಹುಡುಕಿದ್ದು ಕೂಡ ಆರೋಪಪಟ್ಟಿ ಸೇರಿತು. ಈಜಿಪ್ಟ್ ಸರ್ಕಾರಕ್ಕೆ ಒಳಗಿನಿಂದ ನೆರವಾದರು ಅನ್ನುವುದು ಇದರ ತಿರುಳು. ಈ ಸಲ ಬುಕರ್ ಕೂಡ ರಾಜೀನಾಮೆ ಕೇಳಿದರು. 2024ರ ಜುಲೈನಲ್ಲಿ 16 ಆರೋಪಗಳೂ ಸಾಬೀತಾದವು. ಮೆನೆಂಡೆಜ್ ಕುರ್ಚಿ ಬಿಟ್ಟರು. 11 ವರ್ಷ ಜೈಲು ಶಿಕ್ಷೆಯಾಯಿತು.

ಸಾಕ್ಷ್ಯ ಎರಡನೇ ಸಲ ಬಲವಾಗಿತ್ತು, ನಿಜ. ಅದನ್ನು ಒಪ್ಪಲೇಬೇಕು. ಆದರೆ ಇನ್ನೊಂದು ವಿಷಯವೂ ಬದಲಾಗಿತ್ತು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ನಮ್ಮ ಮುಖ್ಯಮಂತ್ರಿಯ ಹಾಗೆ. ಜನರಿಂದ ಆಯ್ಕೆಯಾದ, ಪಕ್ಷದ ಮನುಷ್ಯ. ಸೆನೆಟ್ ಸೀಟು ಮಧ್ಯದಲ್ಲಿ ಖಾಲಿಯಾದರೆ ಹೆಚ್ಚಿನ ರಾಜ್ಯಗಳಲ್ಲಿ ಅದನ್ನು ತಾತ್ಕಾಲಿಕವಾಗಿ ತುಂಬುವವರು ಅವರೇ. 2017ರಲ್ಲಿ ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ, ರಿಪಬ್ಲಿಕನ್. ಮೆನೆಂಡೆಜ್ ಹೋಗಿದ್ದರೆ ಆ ಸೀಟಿಗೆ ಒಬ್ಬ ರಿಪಬ್ಲಿಕನ್ ಬರುತ್ತಿದ್ದರು. ಆ ವರ್ಷ ಒಂದೊಂದು ಮತಕ್ಕೂ ಪ್ರಾಣದಷ್ಟು ಬೆಲೆ ಇತ್ತು. ಒಬಾಮಾ ತಂದ ಆರೋಗ್ಯ ವಿಮೆ ಕಾನೂನನ್ನು ಕಿತ್ತುಹಾಕುವ ಪ್ರಯತ್ನ ಜುಲೈನಲ್ಲಿ ಸೆನೆಟ್‌ನಲ್ಲಿ ಸೋತದ್ದು ಒಂದೇ ಒಂದು ಮತದಿಂದ. 2023ರ ಹೊತ್ತಿಗೆ ಗವರ್ನರ್ ಫಿಲ್ ಮರ್ಫಿ, ಡೆಮಾಕ್ರಟಿಕ್ ಪಕ್ಷದವರು. ಮೆನೆಂಡೆಜ್ ಹೋದರೂ ಸೀಟು ಪಕ್ಷದಲ್ಲೇ ಉಳಿಯುತ್ತಿತ್ತು. ಮೇಲೆ, ವಿಚಾರಣೆ ಎದುರಿಸುತ್ತಾ ಅವರೇ ಮತ್ತೆ ಚುನಾವಣೆಗೆ ನಿಂತರೆ ಸೀಟು ಕಳೆದುಕೊಳ್ಳುವ ಭಯವೂ ಇತ್ತು. ನ್ಯಾಯ, ನೀತಿಯ ಮಾತು ಆಡುವುದು ಆಗ ಸುಲಭ.

ನಾನು ಹೇಳಬೇಕೆಂದಿರುವುದು ಇದೇ. ಒಬ್ಬ ನಾಯಕ ಉಳಿಯುವುದು, ಬೀಳುವುದು ಅವನು ಮಾಡಿದ ತಪ್ಪಿನ ಗಾತ್ರದ ಮೇಲೆ ನಿಂತಿಲ್ಲ. ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಅವನು ಎದ್ದರೆ ಆ ಕುರ್ಚಿಯಲ್ಲಿ ಕೂರುವವರು ಯಾರು? ಅವನನ್ನು ಎಬ್ಬಿಸಿದವರಿಗೆ ಅವರ ಪಕ್ಷದ ಮತದಾರರು ಏನು ಮಾಡುತ್ತಾರೆ? ಈ ಲೆಕ್ಕ ಎರಡೂ ಪಕ್ಷಗಳು ಹಾಕುತ್ತವೆ. ಒಂದೇ ಪಕ್ಷವನ್ನು ಬೈದು ಮುಗಿಸುವವರು ಈ ಕಾಯಿಲೆಯ ಅರ್ಧವನ್ನಷ್ಟೇ ನೋಡುತ್ತಿದ್ದಾರೆ.

ಮೊದಲ ಪ್ರಶ್ನೆ ಎಷ್ಟು ಬಲವಾದದ್ದು ಎಂದು ನೋಡಲು 2019ರ ಫೆಬ್ರವರಿಯ ವರ್ಜೀನಿಯಾಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಗವರ್ನರ್ ರಾಲ್ಫ್ ನಾರ್ಥಮ್, ಡೆಮಾಕ್ರಟ್. ಅವರು ಓದಿದ ಮೆಡಿಕಲ್ ಕಾಲೇಜಿನ 1984ರ ವಾರ್ಷಿಕ ಸಂಚಿಕೆ ಹೊರಬಂತು. ಅವರ ಪುಟದಲ್ಲಿ ಒಂದು ಫೋಟೊ. ಒಬ್ಬ ಕಪ್ಪು ಜನರನ್ನು ಅಣಕಿಸುವಂತೆ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದಾನೆ. ಪಕ್ಕದವನು ಕು ಕ್ಲಕ್ಸ್ ಕ್ಲಾನ್‌ನ ಬಿಳಿ ನಿಲುವಂಗಿ, ಮುಸುಕು ತೊಟ್ಟಿದ್ದಾನೆ. ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕಿದ ಗುಂಪಿನ ವೇಷ ಅದು. ನಾರ್ಥಮ್ ಮೊದಲು ಕ್ಷಮೆ ಕೇಳಿದರು, ಮರುದಿನ ಅದು ನಾನಲ್ಲ ಎಂದರು. ಅವರ ಪಕ್ಷದ ಹೆಚ್ಚುಕಡಿಮೆ ಎಲ್ಲ ದೊಡ್ಡ ನಾಯಕರೂ ರಾಜೀನಾಮೆ ಕೇಳಿದರು.

ಅಷ್ಟರಲ್ಲಿ ಅವರ ನಂತರ ಗವರ್ನರ್ ಆಗಬೇಕಿದ್ದ ಲೆಫ್ಟಿನೆಂಟ್ ಗವರ್ನರ್ ಜಸ್ಟಿನ್ ಫೇರ್‌ಫ್ಯಾಕ್ಸ್ ಮೇಲೆ ಇಬ್ಬರು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಅವರು ಅಲ್ಲಗಳೆದರು. ಅವರ ನಂತರದ ಸರದಿ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್ ಅವರದು. ಅವರೂ 1980ರಲ್ಲಿ ಒಂದು ಪಾರ್ಟಿಗೆ ಮುಖಕ್ಕೆ ಕಪ್ಪು ಬಳಿದುಕೊಂಡು ಹೋಗಿದ್ದೆ ಎಂದು ತಾವೇ ಒಪ್ಪಿಕೊಂಡರು. ಮೂವರೂ ಡೆಮಾಕ್ರಟ್‌ಗಳು. ಮೂವರೂ ಹೋದರೆ ನಾಲ್ಕನೆಯವರು ವಿಧಾನಸಭೆಯ ಸ್ಪೀಕರ್ ಕರ್ಕ್ ಕಾಕ್ಸ್. ಅವರು ರಿಪಬ್ಲಿಕನ್.

ಆ ಸ್ಪೀಕರ್ ಕುರ್ಚಿಯ ಹಿಂದಿನ ಕಥೆಯನ್ನೂ ಕೇಳಿ. 2017ರ ಚುನಾವಣೆಯಲ್ಲಿ ಒಂದು ಕ್ಷೇತ್ರದಲ್ಲಿ ಇಬ್ಬರಿಗೂ ಸರಿಯಾಗಿ 11,608 ಮತ. 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಹಳೆಯ ಕ್ಯಾಮೆರಾ ಫಿಲ್ಮ್ ಡಬ್ಬಿಗಳಲ್ಲಿ ಹಾಕಿ, ಒಂದು ಬೋಗುಣಿಯಿಂದ ಎತ್ತಿದರು. ರಿಪಬ್ಲಿಕನ್ ಅಭ್ಯರ್ಥಿಯ ಹೆಸರು ಬಂತು. ಸದನ 51-49 ಆಯಿತು, ಸ್ಪೀಕರ್ ಸ್ಥಾನ ರಿಪಬ್ಲಿಕನ್ನರಿಗೆ ಹೋಯಿತು. ಅಂದರೆ ಒಂದು ಚೀಟಿ ಎತ್ತಿದ್ದರಿಂದ, ವರ್ಷದ ನಂತರ ಮೂವರು ಡೆಮಾಕ್ರಟ್‌ಗಳ ರಾಜೀನಾಮೆಯ ಅರ್ಥವೇ ಬದಲಾಗಿತ್ತು. ಮೂವರಲ್ಲಿ ಒಬ್ಬರೂ ಹೋಗಲಿಲ್ಲ. ಕೂಗು ತಾನಾಗಿ ತಣ್ಣಗಾಯಿತು. ನಾರ್ಥಮ್ ಉಳಿಯಲಿ ಎಂದು ಸಮೀಕ್ಷೆಯಲ್ಲಿ ಹೇಳಿದವರಲ್ಲಿ ವರ್ಜೀನಿಯಾದ ಅರ್ಧಕ್ಕಿಂತ ಜಾಸ್ತಿ ಕಪ್ಪು ಮತದಾರರೂ ಇದ್ದರು. ಅವರಿಗೂ ಆ ನಾಲ್ಕನೇ ಹೆಸರು ಕಾಣುತ್ತಿತ್ತು ಅಲ್ವಾ? ನಾರ್ಥಮ್ ಅವಧಿ ಮುಗಿಸಿದರು. 2021ರಲ್ಲಿ ಅವರ ಸಹಿಯಿಂದಲೇ ವರ್ಜೀನಿಯಾದಲ್ಲಿ ಮರಣದಂಡನೆ ರದ್ದಾಯಿತು, ದಕ್ಷಿಣದ ರಾಜ್ಯಗಳಲ್ಲಿ ಮೊದಲನೆಯದಾಗಿ. ಅವರು ಉಳಿದದ್ದರಿಂದ ಒಳ್ಳೆಯದೂ ಆಯಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದೂರು ಕೊಟ್ಟ ಆ ಇಬ್ಬರು ಮಹಿಳೆಯರ ಮಾತನ್ನು ಶಾಸನಸಭೆ ಕೂತು ಕೇಳಲೇ ಇಲ್ಲ. ಅದು ನನಗೆ ಇಂದಿಗೂ ನೋವಿನ ವಿಷಯ.

ಇದಕ್ಕೆ ತಿರುಗುಮುರುಗಾದದ್ದು ಅಲ್ ಫ್ರಾಂಕೆನ್ ಪ್ರಕರಣ. ಮಿನ್ನೆಸೋಟಾದ ಈ ಡೆಮಾಕ್ರಟಿಕ್ ಸೆನೆಟರ್ ಮೇಲೆ 2017ರ ಕೊನೆಯಲ್ಲಿ ಹಲವು ಮಹಿಳೆಯರು ಅನುಚಿತ ವರ್ತನೆಯ ಆರೋಪ ಮಾಡಿದರು. ತನಿಖೆಗೂ ಕಾಯದೆ ಪಕ್ಷ ಅವರನ್ನು ಕಳಿಸಿತು. ಗವರ್ನರ್ ಡೆಮಾಕ್ರಟ್ ಆಗಿದ್ದರು, ಟೀನಾ ಸ್ಮಿತ್ ಅವರನ್ನು ಆ ಸೀಟಿಗೆ ನೇಮಿಸಿದರು. ಪಕ್ಷ ಕಳೆದುಕೊಂಡದ್ದು ಏನೂ ಇಲ್ಲ.

ಖಾಲಿ ಸೀಟು ತುಂಬುವ ನಿಯಮಗಳೇ ಈ ಲೆಕ್ಕಕ್ಕೆ ತಕ್ಕಂತೆ ಬಾಗಿವೆ. ಮ್ಯಾಸಚೂಸೆಟ್ಸ್‌ನಲ್ಲಿ 2004ರಲ್ಲಿ ಸೆನೆಟರ್ ಜಾನ್ ಕೆರಿ ಅಧ್ಯಕ್ಷರಾಗುವ ಸಾಧ್ಯತೆ ಇತ್ತು. ಗವರ್ನರ್ ಮಿಟ್ ರಾಮ್ನಿ, ರಿಪಬ್ಲಿಕನ್. ಡೆಮಾಕ್ರಟ್‌ಗಳ ಶಾಸನಸಭೆ ಗವರ್ನರ್‌ಗಿದ್ದ ನೇಮಕದ ಅಧಿಕಾರವನ್ನೇ ಕಿತ್ತುಕೊಂಡಿತು. 2009ರಲ್ಲಿ ಎಡ್ವರ್ಡ್ ಕೆನಡಿ ತೀರಿಕೊಂಡಾಗ ಗವರ್ನರ್ ಡೆಮಾಕ್ರಟ್ ಆಗಿದ್ದರು. ಅದೇ ಶಾಸನಸಭೆ ಆ ಅಧಿಕಾರವನ್ನು ವಾಪಸ್ ಕೊಟ್ಟಿತು. ಕೆಂಟಕಿಯಲ್ಲಿ 2021ರಲ್ಲಿ ರಿಪಬ್ಲಿಕನ್ನರು ಇದನ್ನೇ ಮಾಡಿದರು. ಡೆಮಾಕ್ರಟಿಕ್ ಗವರ್ನರ್ ಖಾಲಿಯಾದ ಸೆನೆಟ್ ಸೀಟಿಗೆ ಹಿಂದಿನ ಸೆನೆಟರ್‌ನ ಪಕ್ಷದವರನ್ನೇ ನೇಮಿಸಬೇಕು ಎಂದು ಕಾನೂನು ತಂದರು. ಗವರ್ನರ್ ತಡೆದರೂ ಅದನ್ನು ಮೀರಿ ಪಾಸು ಮಾಡಿದರು.

ಈಗ ಎರಡನೇ ಪ್ರಶ್ನೆ. ಇದು ಇನ್ನೂ ಆಳವಾದದ್ದು.

ಎದುರು ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದ ಪ್ರಕರಣದಿಂದ ಅಧ್ಯಕ್ಷರೇ ಬಿದ್ದ ವಾಟರ್‌ಗೇಟ್ ಹಗರಣದ ಕಾಲವನ್ನು ಅಮೆರಿಕದವರು ಒಳ್ಳೆಯ ಕಾಲ ಎಂದು ನೆನೆಯುತ್ತಾರೆ. ಹಾಗೆ ನೆನೆಯಲು ಕಾರಣವಿದೆ. ತನಿಖೆಗೆ ಸಮಿತಿ ಮಾಡಲು ಸೆನೆಟ್ 1973ರಲ್ಲಿ ಮತ ಹಾಕಿದಾಗ ಫಲಿತಾಂಶ 77-0. ಮರುವರ್ಷ ಕೆಳಮನೆಯ ನ್ಯಾಯಾಂಗ ಸಮಿತಿಯಲ್ಲಿ ಆರು ರಿಪಬ್ಲಿಕನ್ನರು ತಮ್ಮದೇ ಪಕ್ಷದ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿರುದ್ಧ ಮತ ಹಾಕಿದರು. ನಿಕ್ಸನ್ ತನಿಖೆಯನ್ನು ತಡೆಯಲು ಹೇಳಿದ ಟೇಪು 1974ರ ಆಗಸ್ಟ್ 5ರಂದು ಬಯಲಾಯಿತು. 7ರಂದು ಬ್ಯಾರಿ ಗೋಲ್ಡ್‌ವಾಟರ್ ಮತ್ತಿಬ್ಬರು ರಿಪಬ್ಲಿಕನ್ ನಾಯಕರು ಶ್ವೇತಭವನಕ್ಕೆ ಹೋಗಿ ನಿಮ್ಮನ್ನು ಉಳಿಸುವಷ್ಟು ಮತ ಸೆನೆಟ್‌ನಲ್ಲಿ ಇಲ್ಲ ಎಂದು ತಿಳಿಸಿದರು. 9ರಂದು ನಿಕ್ಸನ್ ಹೊರಟರು. ಆಗಲೂ ಮೊದಲ ಲೆಕ್ಕ ಇರಲಿಲ್ಲ ಎಂದಲ್ಲ. ನಿಕ್ಸನ್ ಜಾಗಕ್ಕೆ ಬರುವವರು ಜೆರಾಲ್ಡ್ ಫೋರ್ಡ್, ಅದೇ ಪಕ್ಷದವರು. ಆದರೆ ಎರಡನೇ ಲೆಕ್ಕ ಆಗ ಇಷ್ಟು ಕ್ರೂರವಾಗಿರಲಿಲ್ಲ.

ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಅಲ್ಲಿ ಟಿಕೆಟ್ ಕೊಡುವುದು ಪಕ್ಷದ ಮತದಾರರು, ಪ್ರೈಮರಿ ಚುನಾವಣೆಯಲ್ಲಿ. ಕೇಳಲು ಇದು ಹೆಚ್ಚು ಪ್ರಜಾಸತ್ತಾತ್ಮಕ ಅನ್ನಿಸುತ್ತದೆ. ಆದರೆ ಪ್ರೈಮರಿಗೆ ಬಂದು ಮತ ಹಾಕುವವರು ಕಡಿಮೆ, ಬರುವವರು ಪಕ್ಷದ ಕಟ್ಟಾಳುಗಳು. ಕೆಳಮನೆಯ 435 ಸೀಟುಗಳಲ್ಲಿ ಬಹುಪಾಲು ಒಂದಲ್ಲ ಒಂದು ಪಕ್ಷಕ್ಕೆ ಕಟ್ಟಿಟ್ಟ ಸೀಟುಗಳು. ಜನ ತಮ್ಮಂಥವರ ನಡುವೆ ವಾಸ ಮಾಡುವುದು ಒಂದು ಕಾರಣ. ಕ್ಷೇತ್ರದ ಗಡಿಗಳನ್ನು ರಾಜ್ಯದಲ್ಲಿ ಅಧಿಕಾರದಲ್ಲಿರುವ ಪಕ್ಷ ತನಗೆ ಬೇಕಾದಂತೆ ಎಳೆಯುವುದು ಇನ್ನೊಂದು. ಅಂಥ ಸೀಟಿನಲ್ಲಿ ಗೆದ್ದವರಿಗೆ ಎದುರು ಪಕ್ಷದ ಭಯ ಇಲ್ಲ. ಭಯ ಇರುವುದು ಪ್ರೈಮರಿಯದು. ಅಲ್ಲಿ ನಮ್ಮ ಹಾಗೆ ಪಕ್ಷಾಂತರ ನಿಷೇಧ ಕಾನೂನು ಇಲ್ಲ. ಪಕ್ಷದ ವಿರುದ್ಧ ಮತ ಹಾಕಿದರೆ ಸದಸ್ಯತ್ವ ಹೋಗುವುದಿಲ್ಲ. ಆದರೂ ಗೆರೆ ದಾಟುವವರು ತೀರಾ ಕಡಿಮೆ, ಯಾಕೆಂದರೆ ಪ್ರೈಮರಿ ಆ ಕೆಲಸ ಮಾಡುತ್ತದೆ.

2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನದ ಮೇಲೆ ಮಾಡಿದ ದಾಳಿಯ ನಂತರ ಟ್ರಂಪ್ ವಿರುದ್ಧ ಎರಡನೇ ವಾಗ್ದಂಡನೆ ಬಂತು. ವಾಗ್ದಂಡನೆ ಅಂದರೆ ಅಧಿಕಾರದಿಂದ ಇಳಿಸಲು ಕೆಳಮನೆ ಹೊರಿಸುವ ಆರೋಪ, ತೀರ್ಪು ಸೆನೆಟ್‌ನದು. ಕೆಳಮನೆಯ 10 ರಿಪಬ್ಲಿಕನ್ನರು ಅದರ ಪರ ಮತ ಹಾಕಿದರು. ಅವರಲ್ಲಿ ನಾಲ್ವರು ಮತ್ತೆ ನಿಲ್ಲಲೇ ಇಲ್ಲ. ನಾಲ್ವರು ಪ್ರೈಮರಿಯಲ್ಲಿ ಸೋತರು. ಹಿಂದಿನ ಉಪಾಧ್ಯಕ್ಷರ ಮಗಳು, ಕೆಳಮನೆಯಲ್ಲಿ ಪಕ್ಷದ ಮೂರನೇ ಸ್ಥಾನದಲ್ಲಿದ್ದ ಲಿಜ್ ಚೇನಿ ವ್ಯೋಮಿಂಗ್‌ನಲ್ಲಿ ಶೇ 37ರಷ್ಟು ಅಂತರದಿಂದ ಸೋತರು. ಉಳಿದುಕೊಂಡವರು ಇಬ್ಬರೇ: ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್, ಕ್ಯಾಲಿಫೋರ್ನಿಯಾದ ಡೇವಿಡ್ ವಲಾಡಾವೊ. ಇದು ಕಾಕತಾಳೀಯ ಅಲ್ಲ ಎಂದೇ ನನ್ನ ನಂಬಿಕೆ. ಆ ಎರಡೂ ರಾಜ್ಯಗಳಲ್ಲಿ ಪ್ರೈಮರಿ ಬೇರೆ ಥರ. ಎಲ್ಲ ಪಕ್ಷದ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿ, ಎಲ್ಲ ಮತದಾರರೂ ಮತ ಹಾಕಬಹುದು, ಮೊದಲ ಇಬ್ಬರು ಅಂತಿಮ ಸುತ್ತಿಗೆ. ಸೆನೆಟ್‌ನಲ್ಲಿ ಟ್ರಂಪ್ ವಿರುದ್ಧ ಮತ ಹಾಕಿದ ಲೀಸಾ ಮರ್ಕೌಸ್ಕಿ 2022ರಲ್ಲಿ ಗೆದ್ದದ್ದೂ ಇಂಥದೇ ತೆರೆದ ಪ್ರೈಮರಿ ತಂದ ಅಲಾಸ್ಕಾದಲ್ಲಿ. ಇದು ಸರ್ವರೋಗಕ್ಕೂ ಮದ್ದಲ್ಲ. ವಾಷಿಂಗ್ಟನ್‌ನಲ್ಲೇ ಇನ್ನೊಬ್ಬರು, ಜೇಮಿ ಹೆರೆರಾ ಬಟ್ಲರ್, ಕೂದಲೆಳೆಯಲ್ಲಿ ಸೋತರು. ಆದರೂ ಧೈರ್ಯ ತೋರಿದವರು ಬದುಕುಳಿಯುವ ಅವಕಾಶ ಅಲ್ಲಿ ಸ್ವಲ್ಪ ಜಾಸ್ತಿ.

ಇಷ್ಟಾದರೂ ತಪ್ಪೆಲ್ಲ ರಾಜಕಾರಣಿಗಳ ಮೇಲೆ ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಮತದಾರರೂ ತಮ್ಮ ಅಳತೆಗೋಲು ಬದಲಾಯಿಸಿದ್ದಾರೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ನಾಯಕ ಸಾರ್ವಜನಿಕ ಕೆಲಸದಲ್ಲಿ ಪ್ರಾಮಾಣಿಕನಾಗಿರಬಲ್ಲನೇ ಎಂದು ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ 2011ರಲ್ಲಿ ಕೇಳಿತು. ಬೈಬಲ್ಲಿಗೆ ಕಟ್ಟುಬಿದ್ದ, ಬಹುತೇಕ ರಿಪಬ್ಲಿಕನ್ ಮತದಾರರಾದ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಹೌದು ಎಂದವರು ಶೇ 30. 2016ರಲ್ಲಿ, ಟ್ರಂಪ್ ಅಭ್ಯರ್ಥಿಯಾಗಿದ್ದಾಗ, ಅದೇ ಪ್ರಶ್ನೆಗೆ ಹೌದು ಎಂದವರು ಶೇ 72. ಐದು ವರ್ಷದಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿದ್ದರು. ಡೆಮಾಕ್ರಟ್‌ಗಳು ಇದನ್ನು ತೋರಿಸಿ ಬೀಗುವ ಹಾಗಿಲ್ಲ. 1998ರಲ್ಲಿ ಅವರದೇ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ಕಚೇರಿಯ ಎಳೆಯ ಉದ್ಯೋಗಿಯ ಜೊತೆಗಿನ ಸಂಬಂಧದ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದರೆಂದು ಕೆಳಮನೆ ವಾಗ್ದಂಡನೆ ವಿಧಿಸಿದ ದಿನಗಳಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಜನಪ್ರಿಯತೆ ಶೇ 73ಕ್ಕೆ ಏರಿತ್ತು. ಸೆನೆಟ್‌ನಲ್ಲಿ ಒಬ್ಬ ಡೆಮಾಕ್ರಟ್ ಕೂಡ ಅವರ ವಿರುದ್ಧ ಮತ ಹಾಕಲಿಲ್ಲ. ಹೆಣ್ಣುಮಕ್ಕಳ ಹಕ್ಕಿಗಾಗಿ ಹೋರಾಡಿದ ಎಷ್ಟೋ ಮಂದಿ ಆ ಹುಡುಗಿಯ ಪರ ನಿಲ್ಲಲಿಲ್ಲ. 2024ರ ಮೇ 30ರಂದು ನ್ಯೂಯಾರ್ಕ್ ಕೋರ್ಟ್‌ನಲ್ಲಿ ಟ್ರಂಪ್ 34 ಆರೋಪಗಳಲ್ಲಿ ತಪ್ಪಿತಸ್ಥ ಎಂದು ತೀರ್ಪು ಬಂತು. ನವೆಂಬರ್‌ನಲ್ಲಿ ಅವರು ಗೆದ್ದರು.

ಹಾಗಾದರೆ ಯಾರೂ ಬೀಳುವುದೇ ಇಲ್ಲವೇ? ಬೀಳುತ್ತಾರೆ. ತಮ್ಮ ಓದು, ಉದ್ಯೋಗದ ಬಗ್ಗೆಯೆಲ್ಲ ಸುಳ್ಳು ಹೇಳಿ ನ್ಯೂಯಾರ್ಕ್‌ನಿಂದ ಗೆದ್ದ ರಿಪಬ್ಲಿಕನ್ ಜಾರ್ಜ್ ಸ್ಯಾಂಟೋಸ್ ಅವರನ್ನು 2023ರ ಡಿಸೆಂಬರ್ 1ರಂದು 311-114 ಮತಗಳಿಂದ ಕೆಳಮನೆ ಹೊರಹಾಕಿತು. ಚುನಾವಣಾ ನಿಧಿಯ ಹಣ ಬೊಟಾಕ್ಸ್‌ಗೆ, ದುಬಾರಿ ಅಂಗಡಿಗಳಿಗೆ ಹೋದದ್ದನ್ನು ನೈತಿಕ ಸಮಿತಿಯ ವರದಿ ಬಿಡಿಸಿ ಹೇಳಿತ್ತು. ಮುಂದೆ ನಿಂತು ಅವರನ್ನು ಕಳಿಸಿದವರು ನ್ಯೂಯಾರ್ಕ್‌ನ ರಿಪಬ್ಲಿಕನ್ನರೇ. ಅವರ ಕ್ಷೇತ್ರಗಳಲ್ಲಿ ಎರಡೂ ಪಕ್ಷದ ಮತದಾರರು ಸರಿಸಮ ಇದ್ದರು. ಸ್ಯಾಂಟೋಸ್ ಜೊತೆ ಕಾಣಿಸಿಕೊಂಡರೆ ತಾವೂ ಮುಳುಗುವ ಭಯ. ಕಟ್ಟಿಟ್ಟ ಸೀಟಿನ ಹೆಚ್ಚಿನವರು, ಸ್ಪೀಕರ್ ಮೈಕ್ ಜಾನ್ಸನ್ ಸೇರಿ, ಉಳಿಸಲು ಮತ ಹಾಕಿದರು. ಸ್ಯಾಂಟೋಸ್ ತಪ್ಪೊಪ್ಪಿಕೊಂಡು ಏಳು ವರ್ಷಕ್ಕೂ ಹೆಚ್ಚಿನ ಶಿಕ್ಷೆ ಪಡೆದರು. 2025ರ ಅಕ್ಟೋಬರ್‌ನಲ್ಲಿ ಟ್ರಂಪ್ ಆ ಶಿಕ್ಷೆಯನ್ನು ಕಡಿತ ಮಾಡಿ ಬಿಡುಗಡೆ ಮಾಡಿದರು. ಆಗ ಅವರು ಬರೆದದ್ದರಲ್ಲಿ ಒಂದು ಕಾರಣ ಹೀಗಿತ್ತು: ಸ್ಯಾಂಟೋಸ್ ಯಾವಾಗಲೂ ರಿಪಬ್ಲಿಕನ್ನರ ಪರ ಮತ ಹಾಕಿದ್ದಾರೆ. ಇದನ್ನು ಅಧ್ಯಕ್ಷರೇ ಬಹಿರಂಗವಾಗಿ ಹೇಳುವ ಹಂತಕ್ಕೆ ದೇಶ ಬಂದಿರುವುದು ನನ್ನನ್ನು ಕಂಗೆಡಿಸುತ್ತದೆ.

ಕರ್ನಾಟಕದ ನಂಟಿರುವ ಒಂದು ಪ್ರಸಂಗವೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಈಗ ಮಿಷಿಗನ್‌ನ ಡೆಮಾಕ್ರಟಿಕ್ ಸಂಸದ. 2025ರ ಏಪ್ರಿಲ್‌ನಲ್ಲಿ ಅವರು ಟ್ರಂಪ್ ವಿರುದ್ಧ ಏಳು ಆರೋಪಗಳ ವಾಗ್ದಂಡನೆ ಗೊತ್ತುವಳಿ ಮಂಡಿಸಿದರು. ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕಲು ಹೊರಟಾಗ ತಡೆದವರು ಅವರದೇ ಪಕ್ಷದವರು. ಗೆಲ್ಲುವುದಿಲ್ಲ, ಸುಮ್ನೆ ಗಮನ ಬೇರೆಡೆ ಹೋಗುತ್ತದೆ ಅನ್ನುವುದು ಅವರ ವಾದ. ಥಾನೇದಾರ್ ಹಿಂದೆ ಸರಿದರು. ಜೂನ್‌ನಲ್ಲಿ ಟೆಕ್ಸಾಸ್‌ನ ಅಲ್ ಗ್ರೀನ್ ಇಂಥದೇ ಗೊತ್ತುವಳಿ ತಂದಾಗ 344-79 ಮತಗಳಿಂದ ಅದನ್ನು ಬದಿಗಿಟ್ಟರು, 128 ಡೆಮಾಕ್ರಟ್‌ಗಳೂ ಸೇರಿ. ವಾದದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಆದರೆ ಆರೋಪ ನಿಜವೋ ಸುಳ್ಳೋ ಅನ್ನುವ ಚರ್ಚೆ ಅಲ್ಲಿ ನಡೆಯಲೇ ಇಲ್ಲ.

ಕಟ್ಟಾ ಬೆಂಬಲಿಗರೇ ಸತ್ಯ ಬೇಕು ಎಂದು ಹಟ ಹಿಡಿದರೆ ಏನಾಗುತ್ತದೆ? ಎಪ್‌ಸ್ಟೀನ್ ಕಡತಗಳ ವಿಷಯದಲ್ಲಿ ಅದನ್ನು ಕಂಡೆವು. ಅಪ್ರಾಪ್ತ ಹುಡುಗಿಯರನ್ನು ಶೋಷಿಸಿ 2019ರಲ್ಲಿ ಜೈಲಿನಲ್ಲಿ ಸತ್ತ ಜೆಫ್ರಿ ಎಪ್‌ಸ್ಟೀನ್‌ಗೆ ಎರಡೂ ಪಕ್ಷದ ದೊಡ್ಡವರ ಒಡನಾಟವಿತ್ತು. ಕಡತ ಹೊರಬರಲಿ ಎಂದು ವರ್ಷಗಟ್ಟಲೆ ಕೂಗಿದವರು ಟ್ರಂಪ್ ಬೆಂಬಲಿಗರೇ. ಅವರ ಸರ್ಕಾರವೇ ಅದನ್ನು ತಡೆದಾಗ ಆ ಸಿಟ್ಟು ತಣಿಯಲಿಲ್ಲ. ಕೆಳಮನೆಯಲ್ಲಿ ಸ್ಪೀಕರ್ ಒಪ್ಪದ ಮಸೂದೆಯನ್ನು ಮತಕ್ಕೆ ತರಲು 218 ಸಹಿ ಬೇಕು. ರಿಪಬ್ಲಿಕನ್ ಥಾಮಸ್ ಮ್ಯಾಸಿ, ಡೆಮಾಕ್ರಟ್ ರೋ ಖನ್ನಾ ಸೇರಿ ಸಹಿ ಸಂಗ್ರಹಿಸಿದರು. ಸಹಿ ಹಾಕಿದ ರಿಪಬ್ಲಿಕನ್ನರು ನಾಲ್ವರೇ. 218ನೇ ಸಹಿ ಅರಿಜೋನಾದಿಂದ ಹೊಸದಾಗಿ ಗೆದ್ದ ಅಡೆಲಿಟಾ ಗ್ರಿಹಾಲ್ವಾ ಅವರದು. 2025ರ ಸೆಪ್ಟೆಂಬರ್ 23ರಂದು ಗೆದ್ದ ಅವರಿಗೆ ಸ್ಪೀಕರ್ ಪ್ರಮಾಣವಚನ ಬೋಧಿಸಿದ್ದು ನವೆಂಬರ್ 12ರಂದು.

ಮತ ತಪ್ಪಿಸಲು ಆಗುವುದಿಲ್ಲ ಎಂದು ಗೊತ್ತಾದಾಗ ಟ್ರಂಪ್ ಕೂಡ ಪರ ಮತ ಹಾಕಿ ಎಂದರು. ನವೆಂಬರ್ 18ರಂದು ಫಲಿತಾಂಶ 427-1. ಆ ಬೆಳಗ್ಗೆ ಸಂಸತ್ ಭವನದ ಹೊರಗೆ ಶೋಷಣೆಗೆ ಒಳಗಾದ ಮಹಿಳೆಯರು ತಮ್ಮ ಎಳೆಯ ವಯಸ್ಸಿನ ಫೋಟೊಗಳನ್ನು ಹಿಡಿದು ನಿಂತಿದ್ದರು. ಇದನ್ನು ರಾಜಕೀಯ ಮಾಡಬೇಡಿ ಎಂದು ಕೇಳಿಕೊಂಡರು. ಆ ಹೊತ್ತಿಗಾಗಲೇ ಸಹಿ ಹಾಕಿದ ಮಾರ್ಜೊರಿ ಟೇಲರ್ ಗ್ರೀನ್ ಅವರನ್ನು ಟ್ರಂಪ್ ದ್ರೋಹಿ ಎಂದು ಕರೆದಾಗಿತ್ತು. ಅವರು 2026ರ ಜನವರಿಯಲ್ಲಿ ಸೀಟು ಬಿಟ್ಟರು. ಕೆಂಟಕಿಯ ಪ್ರೈಮರಿಯಲ್ಲಿ ಮ್ಯಾಸಿ ವಿರುದ್ಧ ನಿಂತವರಿಗೆ ಟ್ರಂಪ್ ಬೆಂಬಲ ಘೋಷಿಸಿದ್ದರು.

ಮಸೂದೆ ಕಾನೂನಾಯಿತು. ಅದು ಕೊಟ್ಟ ಗಡುವು 30 ದಿನ. ಡಿಸೆಂಬರ್ 19ರಂದು ಕಡತದ ಒಂದು ಭಾಗ ಮಾತ್ರ ಬಂತು, ಅದರಲ್ಲೂ ಪುಟಗಟ್ಟಲೆ ಕಪ್ಪು ಬಳಿದದ್ದು. ಶ್ವೇತಭವನದವರು ಕ್ಲಿಂಟನ್ ಇರುವ ಫೋಟೊಗಳನ್ನು ಎತ್ತಿ ತೋರಿಸಿದರು. ಡೆಮಾಕ್ರಟ್‌ಗಳು ಟ್ರಂಪ್ ಹೆಸರು ಎಲ್ಲಿದೆ ಎಂದು ಹುಡುಕಿದರು. ಆ ಹುಡುಗಿಯರು ಯಾರಿಗೆ ದೂರು ಕೊಟ್ಟಿದ್ದರು, ಕೇಳಿಸಿಕೊಂಡ ಅಧಿಕಾರಿಗಳು ಯಾಕೆ ಸುಮ್ಮನಿದ್ದರು ಅನ್ನುವ ಪ್ರಶ್ನೆಯಿಂದ ಯಾವ ಪಕ್ಷಕ್ಕೂ ಸೀಟು ಸಿಗುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಅದೇ.